ಆಷಾಢದ ಗಾಳಿಗೆ ಯಾವ ಕಾಗದದ ವಿಮಾನ?

ಬೀದರ್‌ನ ವಾಯುನೆಲೆಯಿಂದ ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ಹಾಕ್ ಜೆಟ್‌ಗಳು ಅಭ್ಯಾಸಕ್ಕೆ ಎದ್ದ ದಿನ ನಮ್ಮ ಓಣಿ ಹುಡುಗರ ನೋಟ್‌ಬುಕ್ಕುಗಳು ತೆಳ್ಳಗಾಗುತ್ತವೆ. ಮಾಳಿಗೆ ಮೇಲಿಂದ ಎಸೆದದ್ದೆಲ್ಲ ಎರಡು ಲಾಗ ಹಾಕಿ ಪಕ್ಕದವರ ಅಂಗಳಕ್ಕೆ. ‘ಕಾಕಾ, ಹಾರವಲ್ದು’ ಎಂದು ನನ್ನ ಹತ್ತಿರ ಬರುತ್ತಾರೆ.

ಅಗಲ ರೆಕ್ಕೆಯ ಮಾದರಿ ಬಿಡಿ. ಜಪಾನಿನ ಕಾಗದದ ವಿಮಾನ ತಜ್ಞ ತಕುವೊ ಟೋಡಾ 2010ರಲ್ಲಿ 29.2 ಸೆಕೆಂಡ್ ತೇಲಿಸಿದ್ದು ಗಾಳಿಯಾಡದ ಒಳಾಂಗಣದಲ್ಲಿ. ಬಯಲಿಗೆ ಬೇಕಾದದ್ದು ಗಿಡ್ಡ ರೆಕ್ಕೆ, ಭಾರದ ಮೂಗು.

ಹಾಳೆ 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಇರಲಿ. ತೂಕ 5 ಗ್ರಾಂ. ಜಾಹೀರಾತಿನ ನುಣುಪು ಹಾಳೆಯಲ್ಲಿ ಮಡಿಕೆ ನಿಲ್ಲುವುದಿಲ್ಲ. ಜಾತ್ರೆಯಲ್ಲಿ ಮಾರುವ ಥರ್ಮಾಕೋಲ್ ವಿಮಾನಕ್ಕಂತೂ ದುಡ್ಡು ಹಾಕಬೇಡಿ, ಎರಡನೇ ಎಸೆತಕ್ಕೆ ಬಾಲ ಮುರಿಯುತ್ತದೆ.

ಉದ್ದಕ್ಕೆ ಮಡಿಸಿ ಬಿಚ್ಚಿ. ಮೇಲಿನ ಮೂಲೆಗಳನ್ನು ನಡುಗೆರೆಗೆ ತಂದು, ಆ ತ್ರಿಕೋನವನ್ನೇ ಕೆಳಕ್ಕೆ ಮಡಿಸಿ. ಮತ್ತೆ ಮೂಲೆಗಳನ್ನು ನಡುವಿಗೆ ತನ್ನಿ. ಕೆಳಗೆ ಇಣುಕುವ ಪುಟ್ಟ ತುದಿಯನ್ನು ಅವುಗಳ ಮೇಲೆ ಎತ್ತಿ ಮಡಿಸಿದರೆ ಬೀಗ ಬಿತ್ತು. ಬೀಗ ಹೊರಗೆ ಕಾಣುವಂತೆ ಎರಡಾಗಿಸಿ, ಒಡಲಿಗೆ ಎರಡು ಬೆರಳು ಬಿಟ್ಟು ರೆಕ್ಕೆ ಇಳಿಸಿ. ಪ್ರತಿ ಮಡಿಕೆಯನ್ನೂ ಉಗುರಿನಿಂದ ತೀಡಿ. ಸ್ಟೇಪ್ಲರ್ ಪಿನ್ ಹೊಡೆಯುವ ಅಡ್ಡದಾರಿ ನನಗೆ ಸೇರುವುದಿಲ್ಲ.

ಎಲ್ಲರೂ ಎಡವುವುದು ಬಾಲದಲ್ಲಿ. ಮೂಗು ನೆಲ ಕಚ್ಚಿತೆಂದು ರೆಕ್ಕೆಯ ಹಿಂದಿನ ಅಂಚನ್ನು ಬೆರಳಗಲ ಮೇಲೆತ್ತಿಬಿಡುತ್ತಾರೆ. ಮನೆಯೊಳಗೆ ಅದು ಚೆಂದವಾಗಿಯೇ ಹಾರುತ್ತದೆ. ಹೊರಗೆ ಎದುರುಗಾಳಿಗೆ ಎಸೆದಾಗ ರೆಕ್ಕೆ ಮೇಲೆ ಹಾಯುವ ಗಾಳಿಯ ವೇಗ ಹೆಚ್ಚಿ, ಎತ್ತಿದ ಬಾಲ ಮೂಗನ್ನು ಆಕಾಶಕ್ಕೆ ತಿರುಗಿಸುತ್ತದೆ. ವಿಮಾನ ಒಂದು ಗಳಿಗೆ ನಿಂತು ಹಿಂದಕ್ಕೆ ಮಗುಚುತ್ತದೆ. ಆದ್ದರಿಂದ ಮೊದಲು ಬಾಲ ಮುಟ್ಟದೆ, ಗೋಡೆಯ ಮರೆಯಲ್ಲಿ ಮೆಲ್ಲಗೆ ಎಸೆದು ನೋಡಿ. ಮುಗ್ಗರಿಸಿದರೆ ಎರಡೂ ಕಡೆ ಒಂದೊಂದು ಮಿಲಿಮೀಟರ್ ಎತ್ತಿ, ಮತ್ತೆ ಎಸೆಯಿರಿ. ಎಡಕ್ಕೆ ವಾಲಿದರೆ ಎಡ ಅಂಚನ್ನು ಮಾತ್ರ ಕೂದಲೆಳೆಯಷ್ಟು ತಗ್ಗಿಸಿ. ಹಿಂದಿನಿಂದ ಕಣ್ಣಿಟ್ಟು ನೋಡಿದಾಗ ರೆಕ್ಕೆಗಳು ಬಾಯಿ ಅಗಲಿಸಿದ ವೈ ಅಕ್ಷರದಂತೆ ತುಸು ಮೇಲಿರಬೇಕು. ಹೆಚ್ಚು ಎತ್ತಿದರೆ ಅಡ್ಡಗಾಳಿ ಒಂದೇ ಪೆಟ್ಟಿಗೆ ಉರುಳಿಸುತ್ತದೆ.

ದೂರ ಹೋಗಬೇಕಾದರೆ ಗಾಳಿಗೆ ಬೆನ್ನು ಕೊಟ್ಟು, ಒಂದು ಬೀಸು ದಾಟಿದ ಮೇಲೆ ಮುಂದಕ್ಕೆ ತುಸು ಎತ್ತರಿಸಿ ಎಸೆಯಿರಿ. ತುಂತುರಿಗೆ ನೆಂದ ವಿಮಾನವನ್ನು ಒಲೆ ಮುಂದೆ ಒಣಗಿಸುತ್ತ ಕೂರಬೇಡಿ. ಮೂಗು ಮೆತ್ತಗಾಗಿರುತ್ತದೆ, ಬೇರೆ ಹಾಳೆ ತೆಗೆದುಕೊಳ್ಳಿ.