ನಷ್ಟದ ಸಾಲಿನಲ್ಲಿ ಸೊನ್ನೆ ಬರೆದ ಕತೆ

2023ರ ಜುಲೈ ಕೊನೆಯ ವಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಹೊರಗೆ ಜಡಿಮಳೆ. ಆದಾಯ ತೆರಿಗೆ ರಿಟರ್ನಿನಲ್ಲಿ ಆ ವರ್ಷ ಹೊಸದಾಗಿ ಬಂದಿದ್ದ ‘ಶೆಡ್ಯೂಲ್ ವಿಡಿಎ’, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಆಸ್ತಿಯ ಪಟ್ಟಿ, ತೆರೆದಿತ್ತು. ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ, ಆದಾಯ. ಕೊನೆಯ ಕಾಲಮ್ಮಿನ ತಲೆಯಲ್ಲೇ ಸೂಚನೆ ಇತ್ತು, ನಷ್ಟವಾಗಿದ್ದರೆ ಸೊನ್ನೆ ಹಾಕಿ ಅಂತ. ನನ್ನದು 34,000 ರೂಪಾಯಿ ಹೋಗಿತ್ತು. ಸೊನ್ನೆ ಹಾಕಿದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನಗೆ ಮಂಗಳೂರಿನಲ್ಲಿ ಕೆಲಸ. ಕುಂಬಳೆಯವರೆಗೆ ಬಸ್ಸು, ಅಲ್ಲಿಂದ ರೈಲು. ಬಿಟ್‌ಕಾಯಿನ್ ವಿಷಯ ಮೊದಲು ಕಿವಿಗೆ ಬಿದ್ದದ್ದೂ ಆ ರೈಲಿನಲ್ಲೇ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರದವರಿಗೆ ಯಾವ ಬ್ಯಾಂಕೂ ಸೇವೆ ಕೊಡಬಾರದು ಅಂದಿತ್ತು. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಆಮೇಲೆ ಲಾಕ್‌ಡೌನ್. ಮನೆಯಲ್ಲಿ ಸುಮ್ನೆ ಕೂತವರೆಲ್ಲ ಒಂದೊಂದು ಎಕ್ಸ್‌ಚೇಂಜಿನ ಆಪ್, ಅಂದರೆ ಕಾಯಿನ್ ಕೊಂಡು ಮಾರುವ ಆಪ್, ಹಾಕಿಕೊಂಡರು. ನಾನೂ ಹಾಕಿಕೊಂಡೆ.

ಆ ನವೆಂಬರ್‌ನಲ್ಲಿ 60,000 ರೂಪಾಯಿಯ ಬಿಟ್‌ಕಾಯಿನ್ ತಗೊಂಡೆ. ಜನವರಿಯಲ್ಲಿ 20,000ಕ್ಕೆ ಈಥರ್ ಎಂಬ ಬೇರೆ ಕಾಯಿನ್. ಮರುವರ್ಷ ಎಲ್ಲರೂ ಕುಣಿಯುವಾಗ ನಾನೂ ಕುಣಿದು 45,000 ಕೊಟ್ಟು ಇನ್ನೊಂದು ಕಾಯಿನ್ ತಗೊಂಡೆ. ಅದರ ಹೆಸರು ಹೇಳಲು ಈಗಲೂ ನಾಚಿಕೆ.

2022ರ ಫೆಬ್ರವರಿ 1ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಇದರ ಲಾಭಕ್ಕೆ 30 ಶೇಕಡ ತೆರಿಗೆ ಎಂದರು. ಏಪ್ರಿಲ್ 1ರಿಂದ ಜಾರಿ. ಜುಲೈ 1ರಿಂದ ಮಾರುವಾಗಲೇ 1 ಶೇಕಡ ತೆರಿಗೆ (ಟಿಡಿಎಸ್) ಹಿಡಿಯುವ ನಿಯಮವೂ ಬಂತು. ಆ ಆರ್ಥಿಕ ವರ್ಷದಲ್ಲಿ ನಾನು ಮಾಡಿದ್ದು ಮೂರೇ ವ್ಯವಹಾರ. ಆಗಸ್ಟಿನಲ್ಲಿ ಬಿಟ್‌ಕಾಯಿನ್ ಪೂರ್ತಿ ಮಾರಿದೆ, 88,000 ಬಂತು. ಸೆಪ್ಟೆಂಬರ್‌ನಲ್ಲಿ ಈಥರ್ ಕೊಟ್ಟು ಬೇರೆ ಕಾಯಿನ್ ತಗೊಂಡೆ. ಡಿಸೆಂಬರ್‌ನಲ್ಲಿ ಆ ನಾಚಿಕೆಯ ಕಾಯಿನನ್ನು 11,000ಕ್ಕೆ ಬಿಟ್ಟೆ.

ರಿಟರ್ನ್ ತುಂಬಿಸಲು ಮೊದಲು ಹೋದದ್ದು ಒಂದು ಅಕ್ಷಯ ಕೇಂದ್ರಕ್ಕೆ, ಅಂದರೆ ಕೇರಳದ ಸರ್ಕಾರಿ ಆನ್‌ಲೈನ್ ಸೇವೆಯ ಕೇಂದ್ರಕ್ಕೆ. ರೇಶನ್ ಕಾರ್ಡಿನ ಸಾಲಿನ ಮಧ್ಯೆ ನನ್ನ ಕಾಯಿನ್ ಕತೆ ಕೇಳಿ ಅಲ್ಲಿಯ ಹುಡುಗಿಗೆ ನಗು ಬಂತು. ತಪ್ಪು ಅವಳದ್ದಲ್ಲ. ಮತ್ತೆ ಮಂಗಳೂರಿನ ಒಬ್ಬ ಲೆಕ್ಕಪತ್ರದವರನ್ನು ಕೇಳಿದೆ. “ಸಣ್ಣ ಮೊತ್ತ ಅಲ್ವಾ, ಬಿಟ್ಟುಬಿಡಿ, ಯಾರು ನೋಡ್ತಾರೆ?” ಅಂದರು. ಆದರೆ ಹಿಡಿದ ಟಿಡಿಎಸ್ ನನ್ನ ಪ್ಯಾನ್ ನಂಬರಿನ ಮೇಲೆ ದಾಖಲಾಗುತ್ತದೆ. ಹಿಡಿದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿಯಲ್ಲಿ, ಈ ಟಿಡಿಎಸ್‌ನ ಸೆಕ್ಷನ್ ಆದ 194ಎಸ್ ಅಂತ ಸ್ಪಷ್ಟವಾಗಿ ಕಾಣುತ್ತಿತ್ತು. ನೋಡುವವರು ಆಗಲೇ ನೋಡಿ ಆಗಿದೆ. ಹಾಗಾಗಿ ನಾನೇ ಮಾಡಲು ಕೂತೆ.

ತಲೆ ಕೆಟ್ಟದ್ದು ಆ ಸೆಪ್ಟೆಂಬರಿನ ಅದಲುಬದಲಿನಲ್ಲಿ. ನನ್ನ ಕೈಗೆ ಒಂದು ರೂಪಾಯಿಯೂ ಬಂದಿರಲಿಲ್ಲ, ಆದ್ದರಿಂದ ಅದು ಮಾರಾಟವೇ ಅಲ್ಲ ಅಂದುಕೊಂಡಿದ್ದೆ. ಕಾನೂನಿನ ಪ್ರಕಾರ ಅದೂ ಮಾರಾಟವೇ. ಈಥರನ್ನು ಆ ಹೊತ್ತಿನ ಬೆಲೆಗೆ ಮಾರಿದೆ, ಆ ದುಡ್ಡಿನಿಂದ ಹೊಸ ಕಾಯಿನ್ ಕೊಂಡೆ ಎಂದೇ ಲೆಕ್ಕ. ಎಕ್ಸ್‌ಚೇಂಜಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟಿನಲ್ಲಿ ರೂಪಾಯಿಯೇ ಇರಲಿಲ್ಲ, ಬೆಲೆಯೆಲ್ಲ ಯುಎಸ್‌ಡಿಟಿಯಲ್ಲಿ, ಅಂದರೆ ಡಾಲರಿನ ಬೆಲೆಗೆ ಕಟ್ಟಿಹಾಕಿದ ಒಂದು ಕಾಯಿನಿನಲ್ಲಿ. ಆ ದಿನ ಅದೇ ಎಕ್ಸ್‌ಚೇಂಜಿನಲ್ಲಿ ಒಂದು ಯುಎಸ್‌ಡಿಟಿಗೆ ಎಷ್ಟು ರೂಪಾಯಿ ಇತ್ತೆಂದು ಹುಡುಕಿ ಗುಣಿಸಿದೆ. 27,000 ಬಂತು. ರೇಟಿನ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನ ಅರ್ಧ ದಿನ ತಿಂದಿತು. ಸ್ಟೇಟ್‌ಮೆಂಟಿನ ತಾರೀಕಿಗೂ ನನ್ನ ನೆನಪಿಗೂ ಒಂದು ದಿನ ವ್ಯತ್ಯಾಸ. ಯಾಕೆಂದು ನೋಡಿದರೆ ಅದರಲ್ಲಿರುವುದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ನಾನು ಬದಲಿಸಿದ್ದು ರಾತ್ರಿ ಎರಡು ಗಂಟೆಗೆ. ಅವರ ಲೆಕ್ಕದಲ್ಲಿ ಅದು ಹಿಂದಿನ ದಿನ. ಮಾರ್ಚ್ 31ರ ನಡುರಾತ್ರಿ ಕಳೆದು ಯಾರಾದರೂ ಹೀಗೆ ಮಾಡಿದ್ದರೆ ಆರ್ಥಿಕ ವರ್ಷವೇ ತಪ್ಪಿ ಬರುತ್ತದೆ!

ಅಪ್ಪ ಅಡಿಕೆ ಮಾರಿದ ಚೀಟಿಗಳನ್ನು ಒಂದು ಸರಿಗೆಗೆ ಚುಚ್ಚಿ ಗೋಡೆಗೆ ನೇತು ಹಾಕುತ್ತಾರೆ. ತಾರೀಕು, ತೂಕ, ರೇಟು, ಒಟ್ಟು ಎಲ್ಲ ಅದರಲ್ಲೇ. ನಾನೂ ಹಾಗೇ ಮಾಡಿದೆ. ಅಪ್ಪನ ಹಳೆಯ ಲೆಕ್ಕದ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಮೂರು ಸಾಲು ಬರೆದೆ. ಬಿಟ್‌ಕಾಯಿನ್, ಲಾಭ 28,000. ಈಥರ್, ಲಾಭ 7,000. ಮೂರನೆಯದು, ನಷ್ಟ 34,000. ನನ್ನ ಲೆಕ್ಕಕ್ಕೆ ಉಳಿದದ್ದು 1,000 ರೂಪಾಯಿ.

ಸರ್ಕಾರದ ಲೆಕ್ಕಕ್ಕೆ ಉಳಿದದ್ದು 35,000. ಅದರ 30 ಶೇಕಡ 10,500. ಅದರ ಮೇಲೆ 4 ಶೇಕಡ ಸೆಸ್ 420. ಒಟ್ಟು 10,920. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಎಕ್ಸ್‌ಚೇಂಜಿನ ಕಮಿಷನ್ ಇಲ್ಲ, ಅದರ ಮೇಲಿನ 18 ಶೇಕಡ ಜಿಎಸ್‌ಟಿಯೂ ಇಲ್ಲ. ಮುಂದಿನ ವರ್ಷಕ್ಕೆ ನಷ್ಟ ಒಯ್ಯುವುದೂ ಇಲ್ಲ.

ಅಪ್ಪನಿಗೆ ಅರ್ಥ ಮಾಡಿಸಲು ಅಡಿಕೆಯನ್ನೇ ಹಿಡಿಯಬೇಕಾಯಿತು. ಚಾಲಿ, ಪಟೋರ ಅಂದರೆ ಅಡಿಕೆಯ ಎರಡು ದರ್ಜೆ. “ಪಟೋರದಲ್ಲಿ ಹೋದದ್ದನ್ನು ಚಾಲಿಯಲ್ಲಿ ಸರಿ ಮಾಡಿಕೊಳ್ಳುವ ಹಾಗಿಲ್ಲ ಅಂತ ಇಟ್ಟುಕೊಳ್ಳಿ. ಚಾಲಿಯ ಲಾಭಕ್ಕೆ ಪೂರ್ತಿ ತೆರಿಗೆ, ಪಟೋರದ ನಷ್ಟ ನಿಮ್ಮ ಹಣೆಬರಹ.”

“ಸಾವಿರ ರೂಪಾಯಿ ಗಳಿಸಿ ಹನ್ನೊಂದು ಸಾವಿರ ಕಟ್ಟುವುದಾ? ಇದೆಂತ ಲೆಕ್ಕ ಮಾರಾಯ?” ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು, “ಇಷ್ಟು ತೆರಿಗೆ ತಗೊಳ್ಳುತ್ತಾರಲ್ಲ, ಹಾಗಾದರೆ ಸರ್ಕಾರ ಇದನ್ನು ದುಡ್ಡು ಅಂತ ಒಪ್ಪಿದೆ ಅಂತಲೇ ಅಲ್ವಾ?”

ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. 30 ಶೇಕಡ ಎಂದ ದಿನ ನಮ್ಮ ರೈಲಿನ ಗುಂಪಿನಲ್ಲಿ ಖುಷಿಯೋ ಖುಷಿ, ‘ಲೀಗಲ್ ಆಯಿತು’ ಅಂತ. ಆದರೆ ಅದೇ ತಿಂಗಳು ಹಣಕಾಸು ಮಂತ್ರಿ ರಾಜ್ಯಸಭೆಯಲ್ಲಿ ಬೇರೆಯೇ ಹೇಳಿದರು. ತೆರಿಗೆ ಹಾಕುವುದು ಸರ್ಕಾರದ ಹಕ್ಕು, ನಿಷೇಧ ಮಾಡುವುದೋ ಬಿಡುವುದೋ ಆಮೇಲಿನ ಮಾತು ಎಂಬ ಅರ್ಥದಲ್ಲಿ. ಕಾಯಿದೆ ಇನ್ನೂ ಸ್ಪಷ್ಟ. ಈ ಆಸ್ತಿ ಎಂದರೇನು ಎಂದು ಹೇಳುವಾಗಲೇ, ಅದು ಭಾರತದ ಕರೆನ್ಸಿಯೂ ಅಲ್ಲ, ವಿದೇಶದ ಕರೆನ್ಸಿಯೂ ಅಲ್ಲ ಎಂದು ಬರೆದಿಟ್ಟಿದ್ದಾರೆ. ತೆರಿಗೆ ಹಾಕಿದ ಕಾಯಿದೆಯಲ್ಲೇ ದುಡ್ಡಲ್ಲ ಅಂದದ್ದು! ದುಡ್ಡಾಗಿದ್ದರೆ ಒಂದನ್ನು ಕೊಟ್ಟು ಇನ್ನೊಂದು ತಗೊಂಡದ್ದಕ್ಕೆ ನಾನು ರೇಟು ಹುಡುಕುತ್ತಾ ಕೂರಬೇಕಿತ್ತಾ? ನೂರರ ನೋಟು ಕೊಟ್ಟು ಹತ್ತರ ಹತ್ತು ನೋಟು ತಗೊಂಡರೆ ಯಾರೂ ಲಾಭ ಎಷ್ಟು ಅಂತ ಕೇಳುವುದಿಲ್ಲ.

ಅಪ್ಪ ಕಿಸೆಯಿಂದ ನೂರರ ನೋಟು ತೆಗೆದು ತಿರುಗಿಸಿ ನೋಡಿದರು. ಅದರ ಹಿಂದೆ ಕನ್ನಡವೂ ಉಂಟು, ಮಲಯಾಳವೂ ಉಂಟು. ಕಾಸರಗೋಡಿನಲ್ಲಿ ಎರಡೂ ಒಂದೇ ಕಾಗದದಲ್ಲಿ ಸಿಗುವುದು ಅಪರೂಪ ಎಂದು ನಕ್ಕರು. ಎಲ್ ಸಾಲ್ವಡಾರ್ ಎಂಬ ದೇಶ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನನ್ನು ಕಾನೂನಿನ ಹಣ ಮಾಡಿದ್ದನ್ನು ಹೇಳಿದೆ. (ಅಲ್ಲಿಯೂ 2025ರಲ್ಲಿ ಕಾನೂನು ತಿದ್ದಿ, ಅಂಗಡಿಯವರು ತಗೊಳ್ಳಲೇಬೇಕು ಎಂಬುದನ್ನು ತೆಗೆದುಹಾಕಿದರು.) ನಮ್ಮ ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಜನರಿಗಾಗಿ ಪ್ರಯೋಗಕ್ಕೆ ಬಿಟ್ಟ ಇ-ರೂಪಾಯಿಯ ಕತೆಯೇ ಬೇರೆ. ಅದು ಫೋನಿನೊಳಗಿದ್ದರೂ ರೂಪಾಯಿಯೇ. ಅಪ್ಪನಿಗೆ ಇದೆಲ್ಲ ಬೇಕಿರಲಿಲ್ಲ. “ಬದಿಯಡ್ಕ ಪೇಟೆಯಲ್ಲಿ ನಿನ್ನ ಕಾಯಿನಿಗೆ ಒಂದು ಚಾ ಸಿಗುತ್ತದಾ ಹೇಳು” ಅಂದರು. ಸಿಗುವುದಿಲ್ಲ ಅಂದೆ.

ಗಲ್ಫಿನಲ್ಲಿರುವ ನಮ್ಮ ಕಡೆಯ ಹುಡುಗರು ಕೆಲವರು ಎಕ್ಸ್‌ಚೇಂಜ್ ಬಿಟ್ಟು ನೇರ ಕೈಯಿಂದ ಕೈಗೆ ಕಾಯಿನ್ ಮಾರುತ್ತಾರೆ. ಉಪ್ಪಳದ ಗೆಳೆಯನೊಬ್ಬ ಹಾಗೆ ಮಾಡಿದ. ಅವನಿಗೆ ದುಡ್ಡು ಹಾಕಿದವನ ಖಾತೆ ಯಾವುದೋ ವಂಚನೆ ಕೇಸಿನಲ್ಲಿತ್ತು. ಇವನ ಬ್ಯಾಂಕ್ ಖಾತೆಯೂ ಫ್ರೀಜ್ ಆಯಿತು. ಮನೆ ಖರ್ಚಿಗೆ ಎರಡು ತಿಂಗಳು ಅಣ್ಣನ ಹತ್ತಿರ ಸಾಲ ಮಾಡಿದ. 30 ಶೇಕಡಕ್ಕೆ ಬೈಯುತ್ತಲೇ ನಾನು ಎಕ್ಸ್‌ಚೇಂಜಿನಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಕಡೆಗೆ ಒಂದು ಗಂಟು ಉಳಿದಿತ್ತು. ಮೂರು ವ್ಯವಹಾರದ ಟಿಡಿಎಸ್ 880, 270, 110, ಒಟ್ಟು 1,260 ಬರಬೇಕು. 26ಎಎಸ್‌ನಲ್ಲಿ ಆ 270 ಇರಲೇ ಇಲ್ಲ. ಅದಲುಬದಲಿನಲ್ಲಿ ಹಿಡಿದ ತೆರಿಗೆಯನ್ನು ಎಕ್ಸ್‌ಚೇಂಜಿನವರು ನನ್ನ ಹೆಸರಿಗೆ ಸೇರಿಸಿರಲಿಲ್ಲ. ಜುಲೈ ಮೊದಲಲ್ಲೇ ನೋಡಿದ್ದರಿಂದ ಬಚಾವಾದೆ. ನಾಲ್ಕು ಮೇಲ್ ಹಾಕಿದ ಮೇಲೆ ಸರಿ ಮಾಡಿಕೊಟ್ಟರು. ರಿಟರ್ನ್ ತುಂಬುವ ಮೊದಲು ಈ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಹಿಡಿದದ್ದೆಲ್ಲ ಅಲ್ಲಿಗೆ ತಲುಪಿರುತ್ತದೆ ಎಂಬ ನಂಬಿಕೆ ಬೇಡ.

1,260 ಕಳೆದು ಉಳಿದ 9,660 ಆನ್‌ಲೈನಿನಲ್ಲೇ ಕಟ್ಟಿದೆ. ಸಂಬಳದ ತೆರಿಗೆಯನ್ನು ಆಫೀಸಿನವರು ಮೊದಲೇ ಹಿಡಿದಿದ್ದರು. ಬಾಕಿ 10,000 ಮುಟ್ಟಿದ್ದರೆ ಅಡ್ವಾನ್ಸ್ ತೆರಿಗೆ ಕಟ್ಟಲಿಲ್ಲ ಎಂದು ಬಡ್ಡಿಯೂ ಸೇರುತ್ತಿತ್ತು. 340 ರೂಪಾಯಿಯಲ್ಲಿ ತಪ್ಪಿತು.

ಜುಲೈ 31ಕ್ಕೆ ಎರಡು ದಿನ ಇರುವಾಗ ಐಟಿಆರ್-2 ಸಲ್ಲಿಸಿದೆ. ಆಧಾರ್ ಒಟಿಪಿ ಬರಬೇಕು, ಜಗಲಿಯಲ್ಲಿ ರೇಂಜಿಲ್ಲ. ಕೊಡೆ ಹಿಡಿದು ತೋಟದ ಮೇಲಿನ ಗುಡ್ಡೆ ಹತ್ತಿದೆ. ಒಟಿಪಿ ಬಂತು, ಕೆಳಗೆ ಬರುವಷ್ಟರಲ್ಲಿ ಅವಧಿ ಮುಗಿದಿತ್ತು. ಎರಡನೇ ಸಲ ಅಪ್ಪನನ್ನು ಫೋನಿನೊಂದಿಗೆ ಗುಡ್ಡೆಗೆ ಕಳಿಸಿ, ಆರು ಅಂಕೆಗಳನ್ನು ಅಲ್ಲಿಂದಲೇ ಕೂಗಿ ಹೇಳಿಸಿದೆ. ಆಮೇಲೆ ಲೆಕ್ಕದ ಪುಸ್ತಕದಲ್ಲಿ ನಾಲ್ಕನೇ ಸಾಲು ಬರೆದೆ. ಬದಲಿಗೆ ಬಂದ ಕಾಯಿನ್, ಕೊಂಡ ಬೆಲೆ 27,000. ಮಾರಿದ ಬೆಲೆಯ ಜಾಗ ಇನ್ನೂ ಖಾಲಿ ಉಂಟು.