ಟ್ಯೂಬ್‌ಲೈಟ್ ಆರಿಸಿ, ಮಯಾಮಿ ವೈಸ್ ಹಾಕಿ

ನಾನು ಮಯಾಮಿ ವೈಸ್ ಮೊದಲ ಸಲ ನೋಡಿದ್ದು ಕಪ್ಪು ಬಿಳುಪಿನಲ್ಲಿ. ಬಣ್ಣಕ್ಕೇ ಹೆಸರಾದ ಧಾರಾವಾಹಿ ಅದು! 1987ರಲ್ಲಿ ನ್ಯೂಜೆರ್ಸಿಯ ಚಿಕ್ಕಪ್ಪ ರಜಕ್ಕೆ ಮೈಸೂರಿಗೆ ಬಂದಾಗ, ಅಲ್ಲಿನ ಟಿವಿಯಿಂದ ರೆಕಾರ್ಡ್ ಮಾಡಿದ ನಾಲ್ಕು ಕ್ಯಾಸೆಟ್ ತಂದಿದ್ದರು. ಟಿವಿ ಚಿತ್ರಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಪದ್ಧತಿ. ಅಮೆರಿಕದ ಕ್ಯಾಸೆಟ್ ಎನ್‌ಟಿಎಸ್‌ಸಿ, ನಮ್ಮ ಟಿವಿ ಪಾಲ್. ಬಾಡಿಗೆಗೆ ತಂದ ವಿಸಿಆರ್‌ನಲ್ಲಿ ಹಾಕಿದರೆ ಚಿತ್ರ ಒಂದೇ ಸಮನೆ ಉರುಳುತ್ತಿತ್ತು. ಅಣ್ಣ ಟಿವಿ ಹಿಂದೆ ಕೂತು ಒಂದು ಪುಟ್ಟ ತಿರುಪು ತಿರುಗಿಸುತ್ತಾ ಹೇಗೋ ನಿಲ್ಲಿಸಿದ. ಬಣ್ಣ ಮಾತ್ರ ಬರಲೇ ಇಲ್ಲ.

ಆದರೆ ಹಾಡು ಬಂತು. ನನಗೆ ಆಗ ಹದಿನೇಳು ವರ್ಷ, ವೀಣೆ ಪಾಠಕ್ಕೆ ಹೋಗುತ್ತಿದ್ದೆ. ಪೊಲೀಸರ ಕಥೆಯೊಂದರಲ್ಲಿ ಮಾತು ನಿಲ್ಲಿಸಿ, ಒಂದು ಇಡೀ ಹಾಡನ್ನು ಬಿಡ್ತಾರಾ ಅಂತ ಬೆರಗಾಗಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ಡಿವಿಡಿಯಲ್ಲಿ ಬಣ್ಣ ನೋಡಿದೆ. ಅಷ್ಟು ಹೊತ್ತಿಗೆ ಅದು ನನಗೆ ಕೇಳುವ ಧಾರಾವಾಹಿ ಆಗಿಬಿಟ್ಟಿತ್ತು. ಈಗಲೂ ಹಾಗೇ. ನೀವೂ ಹಳೆಯ ಡಿವಿಡಿ ಪೆಟ್ಟಿಗೆ ತೆಗೆದು ಧೂಳು ಒರೆಸುತ್ತಿದ್ದರೆ, ಮೊದಲು ಕಿವಿಗೆ ವ್ಯವಸ್ಥೆ ಮಾಡಿ. ಕಣ್ಣಿನದು ಆಮೇಲೆ.

ಗೊತ್ತಿಲ್ಲದವರಿಗೆ ಎರಡು ಮಾತು. 1984ರ ಸೆಪ್ಟೆಂಬರ್ 16ರಂದು ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಶುರುವಾಯಿತು. ಐದು ಸೀಸನ್ ನಡೆಯಿತು. ಹುಟ್ಟುಹಾಕಿದ್ದು ಆಂಥನಿ ಯರ್ಕೋವಿಚ್, ಅದಕ್ಕೆ ಆ ರೂಪ ಕೊಟ್ಟಿದ್ದು ನಿರ್ಮಾಪಕ ಮೈಕಲ್ ಮಾನ್. ಕೊಕೇನ್ ಸಾಗಣೆಯಿಂದ ಮಯಾಮಿ ಕುದಿಯುತ್ತಿದ್ದ ಕಾಲ. ಸಾನಿ ಕ್ರಾಕೆಟ್, ರಿಕಾರ್ಡೊ ಟಬ್ಸ್ ಅನ್ನುವ ಇಬ್ಬರು ಪೊಲೀಸರು ಕಳ್ಳಸಾಗಣೆದಾರರ ವೇಷ ಹಾಕಿಕೊಂಡು ಅವರೊಳಗೇ ಸೇರಿಕೊಳ್ಳುತ್ತಾರೆ. "ಪೊಲೀಸಿನವನಿಗೆ ಫೆರಾರಿ ಎಲ್ಲಿಂದ ಬಂತು ಕಣೇ?" ಅಂತ ನಮ್ಮ ಮನೆಯವರು ಮೊದಲ ಕಂತಿಗೇ ಕೇಳಿದ್ದರು. ಉತ್ತರ ಅದೇ, ವೇಷ. ಅಂದಹಾಗೆ ಮೊದಲ ಎರಡು ಸೀಸನ್ನಿನ ಆ ಕಪ್ಪು ಫೆರಾರಿಯದೂ ವೇಷವೇ. ಮೇಲೆ ಫೆರಾರಿಯ ಮೈ, ಒಳಗೆ ಶೆವರ್ಲೆ ಕಾರ್ವೆಟ್. ಮೂರನೇ ಸೀಸನ್ನಿನ ಶುರುವಿನಲ್ಲೇ ಅದನ್ನು ಸ್ಫೋಟಿಸಿ, ಬಿಳಿ ಫೆರಾರಿ ಟೆಸ್ಟರೋಸಾ ತಂದರು. ರಾತ್ರಿ ಶೂಟಿಂಗ್‌ನಲ್ಲಿ ಬಿಳಿ ಚೆನ್ನಾಗಿ ಕಾಣುತ್ತದೆ ಅಂತ.

ಈಗ ಡಿಸ್ಕಿನ ವಿಷಯಕ್ಕೆ ಬರೋಣ. ಯಾವ ದೇಶದ ಪೆಟ್ಟಿಗೆ ಅಂತ ಮೊದಲು ನೋಡಿಕೊಳ್ಳಿ. ಡಿವಿಡಿಗಳಿಗೆ ರೀಜನ್ ಅಂತ ಒಂದು ಬೀಗ ಇರುತ್ತೆ. ಅಮೆರಿಕದ್ದು 1, ಇಂಗ್ಲೆಂಡಿನದು 2, ನಮ್ಮದು 5. ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರದ ಮೇಲೆ ನಂಬರ್ ಇರುತ್ತದೆ. ಇದನ್ನು ನೋಡದೆ ಒಬ್ಬ ಆನ್‌ಲೈನ್ ಮಾರಾಟಗಾರನಿಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ತರಿಸಿಕೊಂಡೆ. ಪ್ಲೇಯರ್ ಅದನ್ನು ನುಂಗಿ, ಎರಡು ಸಲ ಗುರುಗುಟ್ಟಿ, ಹೊರಗೆ ತಳ್ಳಿತು. ಕಂಪ್ಯೂಟರಿನ ಡ್ರೈವ್‌ನಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಐದೇ ಸಲ. ಆಮೇಲೆ ಅದು ಅಲ್ಲೇ ನಿಂತುಬಿಡುತ್ತೆ. ಸುಮ್ನೆ ಆಟ ಆಡಬೇಡಿ. ವಿಎಲ್‌ಸಿ ಪ್ಲೇಯರ್ ಅನ್ನುವ ಕಂಪ್ಯೂಟರ್ ತಂತ್ರಾಂಶ ಎಷ್ಟೋ ಡ್ರೈವ್‌ಗಳಲ್ಲಿ ಈ ಬೀಗವನ್ನು ಕೇಳುವುದೇ ಇಲ್ಲ, ಮೊದಲು ಅದನ್ನೇ ಹಾಕಿ ನೋಡಿ.

ಅಮೆರಿಕದಲ್ಲಿ 2005ರಲ್ಲಿ ಬಂದ ಮೊದಲ ಸೀಸನ್ನಿನ ಪೆಟ್ಟಿಗೆಯಲ್ಲಿ ಡಿಸ್ಕಿನ ಎರಡೂ ಕಡೆ ಕಂತುಗಳಿವೆ. ಮೇಲೆ ಚಿತ್ರವಿಲ್ಲ, ಎರಡೂ ಕಡೆ ಹೊಳೆಯುತ್ತೆ. ಯಾವ ಕಡೆ ಯಾವುದು ಅಂತ ನಡುವಿನ ತೂತಿನ ಸುತ್ತ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತೆ, ಕನ್ನಡಕ ಬೇಕು. ಟೇಬಲ್ ಮೇಲೆ ಇಟ್ಟರೆ ಯಾವುದೋ ಒಂದು ಕಡೆಗೆ ಗೀರು ಗ್ಯಾರಂಟಿ, ಅದಕ್ಕೇ ಅಂಚು ಹಿಡಿದುಕೊಂಡೇ ಇರಿ. ಒರೆಸುವಾಗ ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದೋಸೆ ಹೆಂಚು ಒರೆಸಿದ ಹಾಗೆ ಸುತ್ತು ಹಾಕಬೇಡಿ. ಗೀರಿಗೆ ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತೆ ಅಂತ ಯಾರೋ ಹೇಳಿದ್ದನ್ನು ಕೇಳಿ ಒಂದು ಡಿಸ್ಕ್ ಹಾಳು ಮಾಡಿಕೊಂಡಿದ್ದೇನೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಕಂತು ಇತ್ತು.

ಇನ್ನು ಶ್ರುತಿ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನನ್ನ ಕೈಗೆ ಮೊದಲು ಸಿಕ್ಕಿದ್ದು ಇಂಗ್ಲೆಂಡಿನ ಪೆಟ್ಟಿಗೆ. ಶೀರ್ಷಿಕೆ ಸಂಗೀತ ಶುರುವಾಯಿತು. ಯಾನ್ ಹ್ಯಾಮರ್ ಮಾಡಿದ್ದು, 1985ರ ನವೆಂಬರಿನಲ್ಲಿ ಜನಪ್ರಿಯ ಹಾಡುಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ ಸಂಗೀತ. ಮಾತಿಲ್ಲದ ಬರೀ ವಾದ್ಯ! ಕೇಳ್ತಾ ಕೂತೆ, ಏನೋ ಇರುಸುಮುರುಸು. ಚಿಕ್ಕಪ್ಪನ ಕ್ಯಾಸೆಟ್ಟಿನಲ್ಲಿ ಕೇಳಿದ್ದು ಹೀಗಿರಲಿಲ್ಲ. ವೀಣೆ ತೆಗೆದು ನೋಡಿದೆ. ಒಂದು ಮೆಟ್ಟಿನ ಮುಕ್ಕಾಲು ಪಾಲು ಶ್ರುತಿ ಮೇಲಿದೆ. ಹಾಡುವವರೆಲ್ಲ ನೆಗಡಿ ವಾಸಿಯಾಗಿ ಚುರುಕಾದವರ ಹಾಗೆ.

ಕಾರಣ ಸರಳ. ಈ ಧಾರಾವಾಹಿಯನ್ನು ಫಿಲ್ಮಿನಲ್ಲಿ ತೆಗೆದದ್ದು, ಸೆಕೆಂಡಿಗೆ 24 ಚಿತ್ರ. ಪಾಲ್ ಟಿವಿಗೆ 25 ಬೇಕು. ಹಾಗಾಗಿ ಪಾಲ್ ಡಿಸ್ಕ್ ಮಾಡುವವರು ಇಡೀ ಫಿಲ್ಮನ್ನು ನೂರಕ್ಕೆ ನಾಲ್ಕರಷ್ಟು ಬೇಗ ಓಡಿಸುತ್ತಾರೆ. 48 ನಿಮಿಷದ ಕಂತು 46ಕ್ಕೆ ಮುಗಿಯುತ್ತದೆ. ಅದರ ಜೊತೆ ಶ್ರುತಿಯೂ ಏರುತ್ತದೆ. ಬೇರೆ ಪೊಲೀಸ್ ಧಾರಾವಾಹಿ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದರಲ್ಲಿ ನೀವು ಹತ್ತಾರು ಸಲ ಕೇಳಿದ ಹಾಡುಗಳೇ ಬರುತ್ತವೆ, ಅಲ್ವಾ.

ಅದಕ್ಕೆ ಸಾಧ್ಯವಾದರೆ ಅಮೆರಿಕದ ಪೆಟ್ಟಿಗೆಯನ್ನೇ ಕೊಳ್ಳಿ. 2016ರಲ್ಲಿ ಬ್ಲೂ-ರೇ ಕೂಡ ಬಂತು. ಪ್ಲೇಯರ್ ಇದ್ದರೆ ಅದು ಇನ್ನೂ ಒಳ್ಳೆಯದು. ಮನೆಯಲ್ಲಿರುವುದು ಪಾಲ್ ಡಿಸ್ಕೇ ಆದರೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ತೆಗೆದು ವೇಗವನ್ನು 0.96ಕ್ಕೆ ಇಳಿಸಿ. ಇಷ್ಟೇ ಮಾಡಿದರೆ ವೇಗ ಇಳಿಯುತ್ತೆ, ಶ್ರುತಿ ಇಳಿಯುವುದಿಲ್ಲ. ವೇಗ ಬದಲಾದರೂ ದನಿ ಬದಲಾಗದ ಹಾಗೆ ವಿಎಲ್‌ಸಿ ತಾನೇ ಸರಿಮಾಡಿಬಿಡುತ್ತೆ. ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಟೈಮ್ ಸ್ಟ್ರೆಚಿಂಗ್ ಅನ್ನುವುದರ ಟಿಕ್ ತೆಗೆಯಿರಿ. ಆಗ ಸರಿಹೋಗುತ್ತೆ. ನನಗೆ ಇದು ತಿಳಿಯಲು ಎರಡು ವಾರ ಬೇಕಾಯಿತು.

ಈಗಿನ ತೆಳ್ಳನೆ ಟಿವಿಗಳ ಸ್ಪೀಕರ್ ಗೋಡೆಗೆ ಮುಖ ಮಾಡಿ ಪಿಸುಗುಡುತ್ತದೆ. ಅಟ್ಟದ ಮೇಲೆ ಹಳೆಯ ಸ್ಟೀರಿಯೋ ಇದ್ದರೆ ಇಳಿಸಿ, ಒಂದು ವೈರ್ ಎಳೆದು ಜೋಡಿಸಿ. ಎರಡು ಸ್ಪೀಕರ್ ಸಾಕು, ಕೂರುವ ಜಾಗದಿಂದ ಎರಡೂ ಒಂದೇ ದೂರದಲ್ಲಿರಲಿ. ಸಬ್‌ಟೈಟಲ್ ಕೂಡ ಹಾಕಿಕೊಳ್ಳಿ. ಈ ಇಬ್ಬರ ಮೇಲಧಿಕಾರಿ ಲೆಫ್ಟಿನೆಂಟ್ ಕ್ಯಾಸ್ಟಿಯೊ ಬಂದಾಗ ಬೇಕಾಗುತ್ತೆ. ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಮಾಡಿದ ಪಾತ್ರ, ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಸುತ್ತ ಎಲ್ಲರೂ ಗುಲಾಬಿ, ತಿಳಿ ನೀಲಿ ಹಾಕಿಕೊಂಡು ಓಡಾಡುವಾಗ ಈತನದು ಕಪ್ಪು ಸೂಟು, ಬಿಳಿ ಅಂಗಿ, ಸಪೂರ ಟೈ. ದನಿ ಏರಿಸುವುದಿಲ್ಲ, ಮುಖ ಕೊಟ್ಟು ಮಾತಾಡುವುದೂ ಕಡಿಮೆ. ನಮ್ಮ ಬ್ಯಾಂಕಿನಲ್ಲಿ ಹೀಗೇ ಇದ್ದ ಒಬ್ಬರು ಮ್ಯಾನೇಜರ್ ಇದ್ದರು. ಅವರು "ಸ್ವಲ್ಪ ಬನ್ನಿ" ಅಂದರೆ ಇಡೀ ಬ್ರಾಂಚು ನಡುಗುತ್ತಿತ್ತು.

ಚಿತ್ರದ್ದು ಅಷ್ಟು ಕಷ್ಟವಿಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಮೂವಿ ಅಥವಾ ಸಿನಿಮಾ ಮೋಡ್ ಹಾಕಿ. ವಿವಿಡ್ ಇಟ್ಟರೆ ತಿಳಿ ಗುಲಾಬಿ ಗೋಡೆಗಳು ಬೀಟ್‌ರೂಟ್ ಪಲ್ಯ ಆಗುತ್ತವೆ. ಮೈಕಲ್ ಮಾನ್ ಮಣ್ಣಿನ ಬಣ್ಣಗಳೇ ಬೇಡ ಅಂತ ನಿಯಮ ಮಾಡಿದ್ದರು, ಕಂದು ಕಂಡರೆ ಆಗುತ್ತಿರಲಿಲ್ಲ. ಅಷ್ಟು ಆರಿಸಿ ಹಾಕಿದ ಬಣ್ಣವನ್ನು ನಮ್ಮ ರಿಮೋಟ್ ಕೆಡಿಸಬಾರದು. ಕ್ರಾಕೆಟ್‌ನ ಬಿಳಿ ಲಿನನ್ ಕೋಟು ಬರುವವರೆಗೆ ಕಾದು ಅಲ್ಲಿ ನಿಲ್ಲಿಸಿ. ತೋಳು ಮೇಲಕ್ಕೆ ಸರಿಸಿದ ಕಡೆ ಬಟ್ಟೆಯ ಮಡಿಕೆಗಳು ಕಾಣಬೇಕು. ಬರೀ ಬಿಳಿ ತೇಪೆ ಕಂಡರೆ ಕಾಂಟ್ರಾಸ್ಟ್ ಇಳಿಸಿ. ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಹೊಸ ಟಿವಿಗಳಲ್ಲಿ ಇರುತ್ತೆ, ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಅದನ್ನು ಹುಡುಕಿ ಆಫ್ ಮಾಡಿ. ಇಲ್ಲದಿದ್ದರೆ ಮಯಾಮಿ ರಾತ್ರಿ ಮದುವೆ ವಿಡಿಯೋ ಥರ ಕಾಣುತ್ತೆ.

ಪರದೆಯ ಅಳತೆ 4:3 ಇರಲಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ, ಬರಲಿ ಬಿಡಿ. ನಮ್ಮ ಮನೆಯವರು "ದುಡ್ಡು ಕೊಟ್ಟು ತಂದಿದ್ದು ದೊಡ್ಡ ಟಿವಿ, ಪೂರ್ತಿ ತೋರಿಸು" ಅಂತ ಅಗಲಿಸಿದರು. ಟಬ್ಸ್ ಮಿಠಾಯಿ ಅಂಗಡಿ ಯಜಮಾನನ ಹಾಗೆ ಕಂಡ. ಶೀರ್ಷಿಕೆಯಲ್ಲಿ ಬರುವ ಅಟ್ಲಾಂಟಿಸ್ ಕಟ್ಟಡ, ನಡುವೆ ಚೌಕಾಕಾರದ ತೂತು, ತೂತಿನಲ್ಲಿ ತಾಳೆ ಮರ, ಕೆಂಪು ಸುರುಳಿ ಮೆಟ್ಟಿಲು ಇರುವುದು. ಆ ತೂತು ಚೌಕವಾಗಿ ಕಂಡರೆ ನಿಮ್ಮ ಸೆಟ್ಟಿಂಗ್ ಸರಿ ಇದೆ ಅಂತ.

ಟ್ಯೂಬ್‌ಲೈಟ್ ಆರಿಸಿ. ಅಮೆರಿಕದಲ್ಲಿ ಇದು ಶುರುವಿನ ಸೀಸನ್‌ಗಳಲ್ಲಿ ಬರುತ್ತಿದ್ದದ್ದು ಶುಕ್ರವಾರ ರಾತ್ರಿ ಹತ್ತಕ್ಕೆ. ನಮ್ಮಲ್ಲೂ ಅದೇ ನಿಯಮ, ಶುಕ್ರವಾರ ಊಟ ಆದ ಮೇಲೆ ಒಂದೇ ಕಂತು. ಒಟ್ಟಿಗೆ ಐದಾರು ನೋಡಿದರೆ ಕೋಟುಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ. ಕಾಫಿಗೆ ಏಳಬೇಕಾದರೆ ಪರದೆ ಪೂರ್ತಿ ಕಪ್ಪಾಗುವವರೆಗೆ ಕಾಯಿರಿ. ಅದು ಜಾಹೀರಾತಿಗೆ ಅಂತ ಬಿಟ್ಟ ಜಾಗ, ನಿಲ್ಲಿಸಲು ಹೇಳಿ ಮಾಡಿಸಿದ ಹಾಗಿದೆ.

ಮೊದಲು ಎರಡು ಗಂಟೆಯ ಪೈಲಟ್, ಅಂದರೆ ಮೊಟ್ಟಮೊದಲ ಕಂತು. ಅದರಲ್ಲೂ ಒಂದು ದೃಶ್ಯ. ರಾತ್ರಿ, ಖಾಲಿ ರಸ್ತೆ, ಕಪ್ಪು ಕಾರು. ಫಿಲ್ ಕಾಲಿನ್ಸ್ ಹಾಡು ಮೆಲ್ಲಗೆ ಶುರುವಾಗುತ್ತದೆ. ಬೀದಿದೀಪಗಳು ಬಾನೆಟ್ ಮೇಲೆ ಒಂದೊಂದಾಗಿ ಜಾರುತ್ತವೆ. ಟಬ್ಸ್ ಬಂದೂಕಿಗೆ ಗುಂಡು ತುಂಬುತ್ತಾನೆ. ಕ್ರಾಕೆಟ್ ನಿಯಾನ್ ಬೋರ್ಡಿನ ಕೆಳಗೆ ಕಾರು ನಿಲ್ಲಿಸಿ, ದೂರವಾದ ಹೆಂಡತಿಗೆ ಬೂತಿನಿಂದ ಫೋನ್ ಮಾಡುತ್ತಾನೆ. ನಮ್ಮಿಬ್ಬರದು ನಿಜವಾಗಿತ್ತು ತಾನೇ ಅಂತ ಕೇಳುತ್ತಾನೆ. ಹೌದು ಅನ್ನುತ್ತಾಳೆ. ಇಟ್ಟುಬಿಡುತ್ತಾನೆ. ಕಾರು ಮತ್ತೆ ಹೊರಡುವಾಗ ಡ್ರಮ್ ಬೀಳುತ್ತದೆ. ಇದನ್ನು ಒಂದು ಸಲ ಕಣ್ಣು ಮುಚ್ಚಿ ಕೇಳಿ. ಇನ್ನೊಂದು ಸಲ ಮ್ಯೂಟ್ ಮಾಡಿ ನೋಡಿ. ಮ್ಯೂಟ್‌ನಲ್ಲಿ ನೋಡಿದರೆ ಅಲ್ಲಿ ಏನೂ ನಡೆಯುವುದೇ ಇಲ್ಲ, ಇಬ್ಬರು ಕಾರಿನಲ್ಲಿ ಹೋಗ್ತಾರೆ, ಅಷ್ಟೇ. ಮಗಳು ಪಕ್ಕದಲ್ಲಿ ಕೂತಿದ್ದಳು. "ಅಮ್ಮಾ, ಮೊಬೈಲ್ ಇದ್ದಿದ್ರೆ ಈ ಸೀನೇ ಇರ್ತಿರ್ಲಿಲ್ಲ" ಅಂದಳು. ನಿಜ, ಅವನು ಕಾರು ನಿಲ್ಲಿಸುತ್ತಲೇ ಇರಲಿಲ್ಲ.

ಪೈಲಟ್ ಆದ ಮೇಲೆ ಮೊದಲ ಸೀಸನ್ ಕ್ರಮವಾಗಿಯೇ ನೋಡಿ. ಕ್ಯಾಲ್ಡರೋನ್ಸ್ ರಿಟರ್ನ್ ಅನ್ನುವ ಕಂತಿನ ಎರಡು ಭಾಗ ಬಿಡಬೇಡಿ, ಹಳೆಯ ಲೆಫ್ಟಿನೆಂಟ್ ಹೋಗಿ ಕ್ಯಾಸ್ಟಿಯೊ ಬರಲು ದಾರಿಯಾಗುವುದು ಅಲ್ಲಿ. ಕ್ಯಾಸ್ಟಿಯೊನ ಹಳೆಯ ಕಥೆಗೆ ಗೋಲ್ಡನ್ ಟ್ರಯಾಂಗಲ್. ಹಾಡಿಗಾಗಿ ಇವಾನ್. ಎರಡನೇ ಸೀಸನ್ನಿನಲ್ಲಿ ಔಟ್ ವೇರ್ ದ ಬಸಸ್ ಡೋಂಟ್ ರನ್. ಟೂತ್‌ಪೇಸ್ಟಿಗೆ ಬಲಿಯಾದದ್ದು ಇದೇ. ಒಬ್ಬ ನಿವೃತ್ತ ಪೊಲೀಸ್, ಅವನ ತಲೆ ಕೆಟ್ಟಿದೆಯಾ ಇಲ್ಲವಾ ಅಂತ ಗೊತ್ತಾಗುವುದಿಲ್ಲ. ಕೊನೆಗೆ ಡೈರ್ ಸ್ಟ್ರೇಟ್ಸ್ ಹಾಡು ಬರುತ್ತದೆ. ಅದಕ್ಕಿಂತ ಜಾಸ್ತಿ ಹೇಳಲ್ಲ.

ಮೂರರಿಂದ ಬಟ್ಟೆಯ ಬಣ್ಣ ಗಾಢವಾಗುತ್ತದೆ, ಕಥೆಯೂ ಕಪ್ಪಾಗುತ್ತದೆ. ಪರವಾಗಿಲ್ಲ, ನೋಡಬಹುದು. ನಾಲ್ಕರಲ್ಲಿ ಅನ್ಯಗ್ರಹದವರ ವಿಷಯಕ್ಕೂ ಕೈ ಹಾಕಿದ್ದಾರೆ, ಅದರಲ್ಲಿ ಗಾಯಕ ಜೇಮ್ಸ್ ಬ್ರೌನ್ ಬರುತ್ತಾನೆ. ನಾನಂತೂ ಆ ಕಂತು ಇಟ್ಟುಕೊಂಡು ಬಟ್ಟೆ ಮಡಿಸುತ್ತೇನೆ. ಯಾನ್ ಹ್ಯಾಮರ್ ನಾಲ್ಕಕ್ಕೇ ಬಿಟ್ಟರು. ಐದನೆಯದರ ಸಂಗೀತ ಟಿಮ್ ಟ್ರೂಮನ್‌ದು. ಕಣ್ಣು ಮುಚ್ಚಿದರೂ ಮನೆ ಬದಲಾದದ್ದು ಗೊತ್ತಾಗುತ್ತೆ.

ಐದರ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಕೊನೆಯ ಕಂತು ಫ್ರೀಫಾಲ್ 1989ರ ಮೇನಲ್ಲಿ ಪ್ರಸಾರವಾಯಿತು. ಆದರೆ ಅದಾದ ಮೇಲೂ ಉಳಿದುಹೋಗಿದ್ದ ಕೆಲವು ಕಂತುಗಳನ್ನು ತೋರಿಸಿದರು. ಇಬ್ಬರೂ ಕೆಲಸ ಬಿಟ್ಟು ಹೊರಟ ಮೇಲೆ ಮತ್ತೆ ಡ್ಯೂಟಿಗೆ ಬಂದ ಹಾಗೆ ಆಗುತ್ತೆ. ಹಾಗಾಗಿ ಪ್ರಸಾರದ ದಿನಾಂಕ ಹಿಡಿದು ಹೋಗಬೇಡಿ. ಆ ಕಂತುಗಳನ್ನು ಮುಂಚೆಯೇ ನೋಡಿ ಮುಗಿಸಿ, ಫ್ರೀಫಾಲ್ ಕಡೆಯ ಶುಕ್ರವಾರಕ್ಕೆ ಇಟ್ಟುಕೊಳ್ಳಿ. ಅವತ್ತು ಸ್ಟೀರಿಯೋ ಸ್ವಲ್ಪ ಜೋರಾಗಿ ಇಟ್ಟರೆ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.