ಕೊಳದಿಂದಲೇ ಶುರು: ಹಳೆಯ ಆಧುನಿಕ ವಸತಿ ಬಡಾವಣೆಗಳ ಹಸಿರನ್ನು ಮರಳಿಸುವಾಗ

1920ರ ದಶಕದ ಜರ್ಮನ್ ವಸತಿ ಬಡಾವಣೆಗಳ ಅಂಗಳವನ್ನು ಮೂಲರೂಪಕ್ಕೆ ತರುವಾಗ ನಾನು ಮೊದಲು ನೋಡುವುದು ಗಿಡಮರಗಳನ್ನಲ್ಲ, ನೆಲದ ಮಟ್ಟವನ್ನು. ಬರ್ಲಿನ್ನಿನ ಬ್ರಿಟ್ಸ್‌ನಲ್ಲಿ ವಾಸ್ತುಶಿಲ್ಪಿಗಳಾದ ಬ್ರೂನೊ ಟೌಟ್ ಮತ್ತು ಮಾರ್ಟಿನ್ ವಾಗ್ನರ್ 1925ರಲ್ಲಿ ಶುರುಮಾಡಿದ ಬಡಾವಣೆ ಇದನ್ನು ಚೆನ್ನಾಗಿ ಕಲಿಸುತ್ತದೆ. ಅಲ್ಲಿನ ಸುಮಾರು 350 ಮೀಟರ್ ಉದ್ದದ ಕುದುರೆಲಾಳದ ಕಟ್ಟಡ ಬಾಗಿರುವುದು ಹಿಮಯುಗದಿಂದ ಉಳಿದ ಒಂದು ಕೊಳದ ಸುತ್ತ. ತಗ್ಗು ಮೊದಲೇ ಇತ್ತು, ಮನೆಗಳು ಆಮೇಲೆ ಬಂದವು. ಫ್ರಾಂಕ್‌ಫರ್ಟ್‌ನ ರೋಮರ್‌ಶ್ಟಾಟ್ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಅರ್ನ್ಸ್ಟ್ ಮೇ ಸಾಲುಮನೆಗಳನ್ನು ನಿಡ್ಡಾ ನದಿಯ ಕಣಿವೆಯ ಇಳಿಜಾರಿಗೆ ಒಗ್ಗಿಸಿದರು. ಎರಡೂ ಕಡೆ ತೋಟಗಳ ಯೋಜನೆಯಲ್ಲಿ ಉದ್ಯಾನ ವಿನ್ಯಾಸಕ ಲೆಬರೆಖ್ಟ್ ಮಿಗ್ಗೆ ಇದ್ದರು. ಅವರಿಗೆ ಹಿತ್ತಲೆಂದರೆ ಅಲಂಕಾರವಲ್ಲ. ತರಕಾರಿ, ಹಣ್ಣು, ಮನೆಯ ಕಸದಿಂದ ಗೊಬ್ಬರ. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅವರ ಡೆಸೌ-ಟೋರ್ಟನ್ ಬಡಾವಣೆಯಲ್ಲಿ (1926–28) ಪ್ರತಿ ಮನೆಗೂ 350ರಿಂದ 400 ಚದರ ಮೀಟರ್ ಹಿತ್ತಲು ಬಿಟ್ಟಿದ್ದೂ ಇದೇ ಲೆಕ್ಕದಿಂದ.

ಮಟ್ಟ ಅಳೆಯಲು 10 ಮೀಟರ್ ಚೌಕಗಳ ಜಾಲ ಹಾಕುತ್ತೇನೆ. ಸ್ಥಿರ ಬಿಂದುಗಳಾಗಿ ಹಿಡಿಯುವುದು ಮನೆಗಳ ಹೊಸ್ತಿಲುಗಳನ್ನು, ಯಾಕೆಂದರೆ ಅವು ಕದಲಿರುವುದಿಲ್ಲ. ಮೂಲ ನಕ್ಷೆಯಲ್ಲಿ ಮೂರು ಮೆಟ್ಟಿಲು ಇದ್ದು, ಈಗ ಎರಡೇ ಕಾಣುತ್ತಿದ್ದರೆ ನೆಲ 15–17 ಸೆಂ.ಮೀ. ಏರಿದೆ ಎಂದರ್ಥ. ದಶಕಗಳಿಂದ ಸುರಿದ ಮಣ್ಣು, ಕೊಳೆತ ಎಲೆ, ಹಾದಿಯ ಮೇಲೆ ಹಾದಿ ಸೇರಿ ಹೀಗಾಗುತ್ತದೆ. ಆದರೆ ಹಾಗೆ ಏರಿದ ಮಣ್ಣನ್ನು ಎಲ್ಲೆಡೆ ಒಂದೇ ಸಮ ತೆಗೆಯಬಾರದು. ಹಳೆಯ ಮರಗಳ ಹೀರುಬೇರುಗಳು ಅಷ್ಟರಲ್ಲಿ ಆ ಹೊಸ ಪದರಕ್ಕೇ ಬಂದಿರುತ್ತವೆ. ಹರವಿದ ಕೊಂಬೆಗಳ ಅಂಚಿನಿಂದ ಹೊರಗೆ ಇನ್ನೂ 1.5 ಮೀಟರ್‌ವರೆಗೆ ಯಂತ್ರ ಬರಕೂಡದು. ಅಲ್ಲಿ ಕೈಗುದ್ದಲಿಯೇ ಗತಿ.

ಇನ್ನು ಕೊಳ. ಒತ್ತಾಯ ಮಾಡಿ ಹೇಳಬೇಕಾದ್ದು ಇಲ್ಲೇ ಹೆಚ್ಚು. ಕೊಳ ಬತ್ತುತ್ತಿದೆ ಎಂದ ಕೂಡಲೇ ತಳಕ್ಕೆ ಹಾಳೆ ಹಾಸಲು ಹೊರಡುತ್ತಾರೆ. ಬಹಳ ಸಲ ತಳ ಸೋರುತ್ತಲೇ ಇರುವುದಿಲ್ಲ, ಬರುವ ನೀರೇ ನಿಂತುಹೋಗಿರುತ್ತದೆ: ಮೊದಲು ಇಳಿಜಾರಿನಲ್ಲಿ ಹರಿದು ಬರುತ್ತಿದ್ದ ಮಳೆನೀರನ್ನು ಯಾವಾಗಲೋ ಚರಂಡಿಗೆ ತಿರುಗಿಸಿರುತ್ತಾರೆ. ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಎಂದರೆ ಒಂದು ಲೀಟರ್. 2,000 ಚದರ ಮೀಟರ್ ಕೊಳದಿಂದ ಬಿಸಿಲ ದಿನ 5 ಮಿ.ಮೀ. ಆವಿಯಾದರೆ 10,000 ಲೀಟರ್ ಹೋಯಿತು. 1,000 ಚದರ ಮೀಟರ್ ಚಾವಣಿಯಿಂದ 20 ಮಿ.ಮೀ. ಮಳೆಯಲ್ಲಿ, ಹತ್ತರಲ್ಲೊಂದು ಪಾಲು ನಷ್ಟ ಕಳೆದು, 18,000 ಲೀಟರ್ ಸಿಗುತ್ತದೆ. ಎರಡು ದಿನದ ಆವಿಯೂ ತುಂಬಲಿಲ್ಲ! ಆದ್ದರಿಂದ ಒಂದು ಚಾವಣಿಯ ಕೊಳವೆ ತಿರುಗಿಸಿದರೆ ಸಾಲದು, ಇಡೀ ಇಳಿಜಾರಿನ ಜಲಾನಯನವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಚಾವಣಿಯ ನೀರೆಲ್ಲ ಕೊಳಕ್ಕೆ ಯೋಗ್ಯವೂ ಅಲ್ಲ. ಈ ಬಡಾವಣೆಗಳ ಸಮತಟ್ಟು ಚಾವಣಿಗಳಿಗೆ ಹೊಸದಾಗಿ ಹೊದಿಸುವ ಕೆಲವು ಬಿಟುಮೆನ್ (ಡಾಂಬರಿನಂಥ) ಹಾಳೆಗಳಲ್ಲಿ ಬೇರು ತಡೆಯುವ ಕಳೆನಾಶಕ ಇರುತ್ತದೆ; ಮಳೆಗೆ ಅದು ಕರಗಿ ಇಳಿಯುತ್ತದೆ. ತಾಮ್ರ, ಸತುವಿನ ಹೊದಿಕೆಯಿಂದ ಆ ಲೋಹಗಳೂ ಬರುತ್ತವೆ. ಅಂಥ ನೀರನ್ನು ಮೊದಲು 20–30 ಸೆಂ.ಮೀ. ದಪ್ಪದ, ಹುಲ್ಲು ಬೆಳೆದ ಮೇಲ್ಮಣ್ಣಿನ ತಗ್ಗಿನಲ್ಲಿ ಇಂಗಿಸಿ. ಇಂಗುತ್ತದೆಯೇ ಎಂದು ನೋಡಲು 30 ಸೆಂ.ಮೀ. ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಬಸಿಯಲು ಬಿಟ್ಟು, ಎರಡನೇ ಸಲ ತುಂಬಿದಾಗ ಗಂಟೆಗೆ ಎಷ್ಟು ಮಿ.ಮೀ. ಇಳಿಯುತ್ತದೆಂದು ಅಳೆಯಿರಿ. ಮೊದಲ ಸಲದ ಅಳತೆ ಒಣಮಣ್ಣಿನ ಬಾಯಾರಿಕೆಯಷ್ಟೇ, ಅದನ್ನು ನಂಬಬೇಡಿ. ಗಂಟೆಗೆ 10 ಮಿ.ಮೀ.ಗಿಂತ ಕಡಿಮೆಯಾದರೆ ಬೇರೆ ಜಾಗ ಹುಡುಕುತ್ತೇನೆ.

ಹೂಳೆತ್ತುವಾಗ ಕಪ್ಪು ಕೆಸರು ಮುಗಿದು ಬೂದು ಜೇಡಿ ಕಂಡ ಕಡೆ ನಿಲ್ಲಿಸಬೇಕು. ಆ ಜೇಡಿಯೇ ಕೊಳದ ತಳ. ಅದು ತೂತಾದರೆ ನೀರು ಕೆಳಗಿನ ಮರಳಿಗೆ ಇಳಿದುಹೋಗುತ್ತದೆ. ದಡದ ಮರಗಳ ಎಲೆ ಬಿದ್ದು ಹೂಳಿನ ಜೊತೆ ರಂಜಕವೂ ಸೇರುತ್ತದೆ, ಪಾಚಿ ಅಲ್ಲಿಂದಲೇ.

ಮರಗಳ ವಿಷಯದಲ್ಲಿ ಸಾಲು ಮತ್ತು ಅಂತರವೇ ಸಾಕ್ಷಿ. ನೆಟ್ಟವು ಸಮ ಅಂತರದಲ್ಲಿರುತ್ತವೆ, ತಾವಾಗಿ ಹುಟ್ಟಿದವು ಗೋಡೆ ಬುಡದಲ್ಲೋ ಬೇಲಿಯೊಳಗೋ ಇರುತ್ತವೆ. ಮೂರನೆಯ ಬಗೆ ಬಡಾವಣೆಗಿಂತ ಹಳೆಯವು. ಬರ್ಲಿನ್ನಿನ ಓಂಕಲ್ ಟಾಮ್ಸ್ ಹ್ಯೂಟ್ಟೆ ಬಡಾವಣೆಯಲ್ಲಿ ಕಾಡಿನ ಪೈನ್ ಮರಗಳನ್ನು ಉಳಿಸಿಕೊಂಡೇ ಬಣ್ಣದ ಮನೆಗಳನ್ನು ಕಟ್ಟಿದ್ದಾರೆ. ಸಾಲಿಗೆ ಹೊಂದುವುದಿಲ್ಲವೆಂದು ಅಂಥ ಮರ ಕಡಿದರೆ ಮೂಲ ಯೋಜನೆಯನ್ನೇ ಕಡಿದಂತೆ.

ಗಿಡಬೇಲಿಯ ಎತ್ತರವನ್ನು ಹಳೆಯ ಫೋಟೋದಲ್ಲಿ ಕಿಟಕಿಯ ಕೆಳಅಂಚಿಗೆ ಹೋಲಿಸಿ ತೀರ್ಮಾನಿಸಿ. ಹೊಸದಾಗಿ ನೆಡುವುದಾದರೆ ಪ್ರಿವೆಟ್ (ಬೇಲಿಗೆ ಬಳಸುವ ಒಂದು ಪೊದೆಗಿಡ) ಮೀಟರಿಗೆ 3–4 ಗಿಡ. ಬುಡ ಅಗಲ, ತಲೆ ಕಿರಿದಾಗಿ ಕತ್ತರಿಸಿ, ಇಲ್ಲದಿದ್ದರೆ ನೆರಳು ಬಿದ್ದು ಬುಡ ಬೋಳಾಗುತ್ತದೆ. ಹಳೆಯದನ್ನು ಬುಡಕ್ಕೆ ಸವರುವುದಿದ್ದರೆ ಫೆಬ್ರವರಿಯೊಳಗೆ ಮುಗಿಸಬೇಕು. ಜರ್ಮನಿಯ ಕಾನೂನಿನಂತೆ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಅದಕ್ಕೆ ಅವಕಾಶವಿಲ್ಲ, ರೂಪ ಕೆಡದಂತೆ ಹದವಾಗಿ ಕತ್ತರಿಸಬಹುದಷ್ಟೆ.